ಗುರುವಾರದ ಸಿ.ಡಿ.

"ನಿಮ್ಮ ಸಿ.ಡಿ. ಸೀನುತ್ತೆ ಕಣ್ರೀ! ಅದೂ ಒಂಟಿ ಸೀನು!"

ಕೊಪ್ಪ ಬಸ್‌ಸ್ಟ್ಯಾಂಡಿನ ಎದುರಿನ 'ಕಮಲ ಆಡಿಯೋಸ್' ಅಂಗಡಿಯ ಕೌಂಟರಿನ ಮೇಲೆ ಆ ಯುವಕ ಸಿ.ಡಿ.ಯನ್ನು ಪಟ್ಟನೆ ಇಟ್ಟಾಗ, ಮೇಘನ ಬೆಚ್ಚಿ ತಲೆ ಎತ್ತಿದಳು.

ಹೆಗಲ ಮೇಲೆ ವೈರಿನ ಸುರುಳಿ, ಅಂಗಿಯ ಮೇಲೆ ಧೂಳು, ಮುಖದ ತುಂಬಾ ಸಿಟ್ಟು. ಸಿಟ್ಟಿನಲ್ಲೂ ಅವನ ಕಣ್ಣುಗಳು ಚೆನ್ನಾಗಿದ್ದವು. ಇದನ್ನು ಮೇಘನ ಆಗ ಒಪ್ಪಿಕೊಳ್ಳುತ್ತಿರಲಿಲ್ಲ, ನಾವಾದರೂ ಒಪ್ಪಿಕೊಳ್ಳೋಣ.

"ಏನಂದ್ರಿ?"

"ಸೀನುತ್ತೆ ಅಂದೆ. ನಿನ್ನೆ ಮೇಗುಂದದಲ್ಲಿ ಗೃಹಪ್ರವೇಶ. ನಂದೇ ಮೈಕ್‌ಸೆಟ್. ಯಜಮಾನ್ರು ಬಲಗಾಲು ಎತ್ತಿದ್ದಾರೆ, ಇನ್ನೇನು ಹೊಸ್ತಿಲು ದಾಟಬೇಕು... ಅಷ್ಟರಲ್ಲಿ ನನ್ನ ಎರಡೂ ಹಾರನ್ನಿಂದ 'ಆಕ್ಷೀ'! ಎತ್ತಿದ ಕಾಲು ಎತ್ತಿದ ಹಾಗೇ ನಿಂತುಬಿಡ್ತು ಮಾರಾಯ್ರೇ! ಅಪಶಕುನ ಅಂತ ಎಲ್ಲರನ್ನೂ ಕೂರಿಸಿ, ನೀರು ಕುಡಿಸಿ, ಮತ್ತೆ ಒಳ್ಳೆ ಗಳಿಗೆ ಹುಡುಕಿ... ಎರಡು ಗಂಟೆ ತಡ! ಎಲ್ಲರೂ ನನ್ನನ್ನೇ ನೋಡ್ತಿದ್ರು, ನಾನೇ ಸೀನಿದೆ ಅನ್ನೋ ಥರ!"

ಮೇಘನ ಸಿ.ಡಿ.ಯನ್ನು ತಿರುಗಿಸಿ ನೋಡಿದಳು. ಅವಳಿಗೆ ಪ್ರಾಣದಂತಿದ್ದ ಕಛೇರಿ ಅದು.

"ಇದು ಸಭೆಯಲ್ಲಿ ಹಾಡಿದ್ದನ್ನ ರೆಕಾರ್ಡ್ ಮಾಡಿರೋದು. ಯಾರೋ ಕೇಳೋಕೆ ಬಂದೋರು ಸೀನಿದ್ರೆ ನಾನೇನು ಮಾಡ್ಲಿ? ಅವರಿಗೆ ಕಷಾಯ ಕಾಯಿಸಿ ಕೊಡ್ಲಾ? ಅಲ್ಲದೆ ನಾನಿದನ್ನ ನೂರು ಸಲ ಕೇಳಿದ್ದೀನಿ. ಸೀನು ಗೀನು ಏನೂ ಇಲ್ಲ."

"ಎಂಟನೇ ನಿಮಿಷ. ಹಾಕಿ. ಅದಕ್ಕೂ ಮುಂಚೆ ಆರನೇ ನಿಮಿಷದಲ್ಲಿ ಒಬ್ರು ಕುರ್ಚಿ ಎಳೀತಾರೆ, ಅದನ್ನೂ ಕೇಳಿ."

ಅವಳು ಹೆಡ್‌ಫೋನ್ ಹಾಕಿಕೊಂಡಳು. ಆರನೇ ನಿಮಿಷಕ್ಕೆ ಕುರ್ಚಿ ಕಿರ್ರೆಂದಿತು. ಎಂಟನೇ ನಿಮಿಷಕ್ಕೆ ಯಾರೋ ಪುಣ್ಯಾತ್ಮರು ಸೀನಿದರು.

ನೂರು ಸಲ ಕೇಳಿದ್ದಳು! ಸಂಗೀತದಲ್ಲಿ ಜೂನಿಯರ್ ಪರೀಕ್ಷೆ ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ್ದಳು! ಮೇಘನಳ ಮುಖ ಕೆಂಪಾಯಿತು.

"ನಿಮ್ಮ ಕಿವಿ ತುಂಬಾ ಚುರುಕು," ಎಂದಳು, ಹೊಗಳಿಕೆಯನ್ನು ಬೈಗುಳದ ದನಿಯಲ್ಲಿ.

"ಅದೊಂದೇ ಇರೋದು ನನ್ನ ಹತ್ರ. ಈ ಸಂಗೀತದ ಗಂಧಗಾಳಿ ನನಗಿಲ್ಲ. ಆದ್ರೆ ದೊಡ್ಡ ಮದುವೆಯೋರೆಲ್ಲ ಈಗ ಸಿನಿಮಾ ಹಾಡು ಬೇಡ, ಶಾಸ್ತ್ರೀಯನೇ ಹಾಕು ಅಂತಾರೆ." ಅವನ ಸಿಟ್ಟು ಇಳಿದಿತ್ತು. "ಎಲ್ಲಿಂದ ಶುರು ಮಾಡ್ಬೇಕು ಅಂತ ನೀವೇ ಹೇಳಿ. ಸೀನಿಲ್ಲದ್ದು ಕೊಡಿ."

ಹೀಗೆ, ೨೦೦೫ರ ಜನವರಿಯ ಒಂದು ಗುರುವಾರ, ನರಸಿಂಹರಾಜಪುರದ ಮೈಕ್‌ಸೆಟ್ ಸೋಮನಾಥ ಮೇಘನಳ ಶಿಷ್ಯನಾದ.

ಅಂಗಡಿಯಲ್ಲಿ ಶಾಸ್ತ್ರೀಯ ಸಂಗೀತದ ಶೆಲ್ಫಿನ ಧೂಳು ಒರೆಸುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ, ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ. ಉಳಿದಂತೆ ಊರಿಗೆಲ್ಲ ಬೇಕಾಗಿದ್ದದ್ದು ಸಿನಿಮಾ ಹಾಡು, ಭಜನೆ. ಆ ಶೆಲ್ಫಿಗೊಬ್ಬ ಗಿರಾಕಿ ಬಂದನೆಂದು ಮೇಘನಳಿಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ, ಅದನ್ನು ಮುಚ್ಚಿಡಲು ಅವಳು ಇನ್ನಷ್ಟು ಗಂಟುಮುಖ ಮಾಡಿಕೊಂಡಳು.

ಮೊದಲಿಗೆ ಕೊಳಲಿನ ಸಿ.ಡಿ. ಕೊಟ್ಟಳು.

"ಹೊಸಬರಿಗೆ ಒಂದೇ ವಾದ್ಯ ಒಳ್ಳೇದು. ಸ್ಟುಡಿಯೋದಲ್ಲಿ ಮಾಡಿದ್ದು. ಸೀನೋರನ್ನ ಒಳಗೆ ಬಿಟ್ಟಿಲ್ಲ."

ಮುಂದಿನ ಗುರುವಾರ ಅವನು ಬಂದ.

"ಸೀನಿಲ್ಲ. ಆದ್ರೆ ಕೊಳಲಿನೋರು ಉಸಿರು ಎಳ್ಕೊಳ್ಳೋದು ಕೇಳುತ್ತೆ."

"ಅದು ಕೇಳ್ಬೇಕು! ಉಸಿರು ಕೇಳ್ತಿದೆ ಅಂದ್ರೆ ರೆಕಾರ್ಡಿಂಗ್ ಚೆನ್ನಾಗಿದೆ ಅಂತ ಅರ್ಥ."

"ಹೌದಾ? ನಾನು ಪಾಪ, ದಮ್ಮು ಇರ್ಬೇಕು ಅಂದ್ಕೊಂಡೆ."

ಮೇಘನ ನಗು ತಡೆಯಲಾರದೆ ಬಗ್ಗಿ, ಬಿದ್ದಿರದ ಪೆನ್ನನ್ನು ಹುಡುಕಿದಳು.

ಇನ್ನೊಂದು ಗುರುವಾರ ಅವನು ಎಲ್ಲೋ ರಸ್ತೆ ಬದಿಯಲ್ಲಿ ಕೊಂಡ ಎಂಪಿತ್ರೀ ಸಿ.ಡಿ. ತಂದ. ಒಂದರಲ್ಲೇ ನೂರ ಎಂಟು ಕೀರ್ತನೆ! ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದ್ದ. ಮೇಘನ ಅರ್ಧ ನಿಮಿಷ ಕೇಳಿ ಹೆಡ್‌ಫೋನ್ ತೆಗೆದಿಟ್ಟಳು.

"ತಂಬೂರಿ ಎಲ್ಲಿದೆ ಇದರಲ್ಲಿ?"

"ನಾನೂ ಹುಡುಕಿದೆ. ಸೊಳ್ಳೆ ಥರ ಏನೋ ಗುಂಯ್ ಅನ್ನುತ್ತಲ್ಲ, ಅದೇನಾ?"

"ನೂರ ಎಂಟನ್ನ ಒಂದರಲ್ಲಿ ತುರುಕಿದ್ರೆ ಸೊಳ್ಳೆನೇ ಆಗೋದು! ನೋಡಿ, ಸಿ.ಡಿ. ತಗೊಳ್ಳುವಾಗ ಮೊದಲು ತಂಬೂರಿ ಕೇಳ್ಬೇಕು. ಹಾಡೋರು ಸುಮ್ಮನಾದಾಗಲೂ ಅದು ತುಂಬಿಕೊಂಡು ಕೇಳ್ತಿದ್ರೆ ತಗೊಳ್ಳಿ. ಆಮೇಲೆ ಹಿಂದೆ ತಿರುಗಿಸಿ. ಎಲ್ಲಿ, ಯಾವಾಗ ರೆಕಾರ್ಡ್ ಮಾಡಿದ್ದು, ಪಕ್ಕವಾದ್ಯ ಯಾರದ್ದು ಅಂತ ಬರೆದಿದ್ರೆ ತಗೊಳ್ಳಿ. ದೇವರ ಫೋಟೋ ದೊಡ್ಡದಾಗಿ ಹಾಕಿ ಬೇರೇನೂ ಬರೆದಿಲ್ವಾ? ಕೈ ಮುಗಿದು ಅಲ್ಲೇ ಇಡಿ."

ಅವನು ಎಲ್ಲವನ್ನೂ ಅಂಗೈ ಮೇಲೆ ಬರೆದುಕೊಂಡ. ಬದಲಿಗೆ ಅವಳಿಗೂ ಕಲಿಸಿದ. ಈ ವಿದ್ವಾಂಸರ ತಲೆಯ ಮೇಲೆ ಫ್ಯಾನ್ ತಿರುಗುತ್ತಿದೆ, ಇವರು ಮೈಕಿಗೆ ತೀರಾ ಹತ್ತಿರ ಕೂತಿದ್ದಾರೆ, ಇಲ್ಲಿ ಟೇಪು ಕತ್ತರಿಸಿ ಅಂಟಿಸಿದ್ದಾರೆ... ಇಷ್ಟು ವರ್ಷ ರಾಗ, ತಾಳ ಮಾತ್ರ ಕೇಳಿದ್ದ ಮೇಘನಳಿಗೆ ಈಗ ಒಂದೊಂದು ಸಿ.ಡಿ.ಯ ಒಳಗೂ ಒಂದು ಕೋಣೆ, ಆ ಕೋಣೆಯಲ್ಲಿ ಕೂತ ಮನುಷ್ಯರು ಕಾಣತೊಡಗಿದರು.

ಕಿವಿ ಚುರುಕಾದದ್ದರ ತೊಂದರೆ ಏಪ್ರಿಲ್‌ನಲ್ಲಿ ಗೊತ್ತಾಯಿತು. ಅಂದು ಗುರುವಾರ. ಬಸ್ಸುಗಳ ಹಾರನ್ನು, ಕಂಡಕ್ಟರುಗಳ ಕೂಗು, ಇಷ್ಟರ ನಡುವೆ ಒಂದು ಜೊತೆ ಚಪ್ಪಲಿಯ ಸದ್ದು ಅವಳಿಗೆ ಕೇಳಿಸಿತು. ಎಡಗಾಲಿನದು ಸ್ವಲ್ಪ ಎಳೆದ ಹಾಗೆ. ಅವಳು ಬಾಗಿಲ ಕಡೆ ನೋಡದೆಯೇ ಜಡೆ ಸರಿಮಾಡಿಕೊಂಡಳು.

'ಅಯ್ಯೋ ದೇವರೇ... ಇದ್ಯಾವಾಗ ಶುರುವಾಯ್ತು!'

ಹಿಂದಿನ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಅವಳ ತಂದೆ, ನಿವೃತ್ತ ಗಣಿತ ಮೇಷ್ಟ್ರು ಪರಮೇಶ್ವರಪ್ಪನವರು, ತಲೆ ಎತ್ತಲಿಲ್ಲ. ಲೆಕ್ಕ ಬಿಟ್ಟು ಬೇರೇನೂ ಅವರ ಗಮನಕ್ಕೆ ಬೇಗ ಬರುತ್ತಿರಲಿಲ್ಲ.

ಮೇ ತಿಂಗಳಲ್ಲಿ ಮೇಘನಳ ಸೋದರಮಾವನ ಮಗಳು ರಶ್ಮಿಯ ಮದುವೆ. ಶೃಂಗೇರಿಯ ಕಲ್ಯಾಣ ಮಂಟಪ. ಗಂಡಿನ ಕಡೆಯವರು ಸಂಗೀತಪ್ರಿಯರು.

"ಮೈಕ್‌ಸೆಟ್ಟಿಗೆ ಸೋಮನಾಥ್ ಅವರಿಗೇ ಹೇಳಿ ಮಾವ. ಅವರಷ್ಟು ಚೆನ್ನಾಗಿ ಈ ಮೂರೂ ತಾಲ್ಲೂಕಲ್ಲಿ ಯಾರೂ ಮಾಡಲ್ಲ," ಎಂದು ಮಾವನಿಗೆ ತಾನೇ ಮುಂದಾಗಿ ಹೇಳಿದಳು. ಸೋಮನಾಥ ಹಿಗ್ಗಿ ಹೋದ. ಈ ಮದುವೆಗೆಂದೇ ಹಳೆಯ ಆಂಪ್ಲಿಫೈಯರ್ ಮೂಲೆಗಿಟ್ಟು ಹೊಸ ಸ್ಟೀರಿಯೋ ಆಂಪ್ಲಿಫೈಯರ್ ತಂದ. ಮೇಘನ ತನ್ನ ಸ್ವಂತದ್ದೊಂದು ಸಿ.ಡಿ. ಕೊಟ್ಟಳು. ಹಾಡುಗಾರಿಕೆ, ಪಿಟೀಲು, ಮೃದಂಗ ಒಂದಕ್ಕೊಂದು ತಗಲದಂತೆ ಬೇರೆಬೇರೆಯಾಗಿ ಕೇಳುವ, ಅಷ್ಟು ಅಚ್ಚುಕಟ್ಟಾದ ರೆಕಾರ್ಡಿಂಗು.

ಮದುವೆಯ ಬೆಳಿಗ್ಗೆ ಮೇಘನ ಮಂಟಪದ ಹಿಂಭಾಗದಲ್ಲಿ, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ರಶ್ಮಿಗೆ ಅಲಂಕಾರ ಮಾಡುತ್ತಿದ್ದಳು. ಬಾಗಿಲಾಚೆ ಇಟ್ಟಿದ್ದ ಸ್ಪೀಕರ್ ಬಾಕ್ಸಿನಿಂದ ಹಾಡು ಶುರುವಾಯಿತು.

ಅವಳ ಕೈ ನಿಂತಿತು... ಇಷ್ಟು ಶುದ್ಧವಾದ ದನಿಯನ್ನು ಅವಳು ಎಂದೂ ಕೇಳಿರಲಿಲ್ಲ. ಬರೀ ಹಾಡು, ಅದರ ಬೆನ್ನಿಗೆ ಪಿಟೀಲು. ಮೃದಂಗ ಹೆಸರಿಗೂ ಇಲ್ಲ! 'ಏನು ಮಾಡಿದ ಇವನು? ನನಗೆ ಹಾಡು ಮಾತ್ರ ಕೇಳಲಿ ಅಂತ ಮೃದಂಗ ತಗ್ಗಿಸಿದನಾ?' ಪ್ರೀತಿ ಹತ್ತಿದವರ ತಲೆ ಹೀಗೇ ಓಡುತ್ತದೆ. ಅವಳ ಕಣ್ಣು ತುಂಬಿತು.

"ಅಕ್ಕ, ಮದುವೆ ನಂದು. ಅಳ್ಬೇಕಾದೋಳು ನಾನು," ಎಂದಳು ರಶ್ಮಿ. "ಮೊದಲು ಆ ಕಾಡಿಗೆ ಹಚ್ಚು."

ಅದೇ ಹೊತ್ತಿನಲ್ಲಿ ಮುಂದಿನ ಹಾಲ್‌ನಲ್ಲಿ ನಡೆಯುತ್ತಿದ್ದದ್ದೇ ಬೇರೆ. ಅಲ್ಲಿ ಕೂತಿದ್ದ ನಾಲ್ಕುನೂರು ಜನರಿಗೆ ಕೇಳಿಸುತ್ತಿದ್ದದ್ದು ಮೃದಂಗ. ಬರೀ ಮೃದಂಗ. ಐದು ನಿಮಿಷವಾಯಿತು, ಹತ್ತಾಯಿತು, ತಕಿಟ ತಧಿಮಿ ಬಿಟ್ಟು ಬೇರೇನೂ ಇಲ್ಲ.

"ಹಾಡೋರು ಇನ್ನೂ ಬಸ್ಸಿಳಿದಿಲ್ವಾ?" ಎಂದು ಗಂಡಿನ ಕಡೆಯ ಹಿರಿಯರೊಬ್ಬರು ಕೇಳಿದರು. ಸುತ್ತ ಕೂತವರು ಬಿದ್ದು ಬಿದ್ದು ನಕ್ಕರು.

ಸೋಮನಾಥ ಬೆವರಿ ತೊಪ್ಪೆಯಾದ. ವೈರು ಕಿತ್ತು ಹಾಕಿದ. ಸಿ.ಡಿ.ಯನ್ನು ಅಂಗಿಗೆ ಒರೆಸಿದ. ಮತ್ತೆ ತಕಿಟ ತಧಿಮಿ! ಮೇಘನಳ ಮಾವ ಹಲ್ಲು ಕಚ್ಚಿಕೊಂಡು ಬಂದರು.

"ಇದೇನು ಮಾರಾಯ, ಮದುವೆಗೆ ಬಂದಿದ್ದೀಯೋ, ಯುದ್ಧಕ್ಕೋ? ಮೊದಲು ನಿಲ್ಲಿಸು ಅದನ್ನ!"

ಧಾರೆ ಮುಗಿದ ಮೇಲೆ ಹಿಂದಿನ ಜಗಲಿಯಲ್ಲಿ ಸೋಮನಾಥ ವೈರು ಸುತ್ತುತ್ತಿದ್ದ. ಮೇಘನ ಕಣ್ಣಲ್ಲಿ ಇಡೀ ಬೆಳಗಿನ ಸಂತೋಷ ಹೊತ್ತು ಓಡಿ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಅವನು ಅಂದ:

"ನೀವು ಕೊಟ್ಟ ಸಿ.ಡಿ.ಯಲ್ಲಿ ಹಾಡೇ ಇಲ್ಲ. ಬರೀ ಮೃದಂಗ."

"ಹಾಡಿಲ್ವಾ? ನಾನೀಗ ಅತ್ತುಕೊಂಡು ಕೇಳಿ ಬಂದಿದ್ದೀನಿ! ಬರೀ ಹಾಡೇ ಇತ್ತು. ಮೃದಂಗನೇ ಇರ್ಲಿಲ್ಲ!"

ಅವನು ಅವಳನ್ನೇ ನೋಡಿದ. ಆ ಕಣ್ಣಿನಲ್ಲಿದ್ದದ್ದು ಸಿಟ್ಟಲ್ಲ, ನೋವು.

"ನಾಲ್ಕುನೂರು ಜನರ ಎದುರು ನನ್ನ ಮಾನ ಹೋಗಿದೆ. ನೀವೂ ತಮಾಷೆ ಮಾಡೋಕೆ ಬಂದ್ರಾ?"

"ತಮಾಷೆನಾ? ಸೊಳ್ಳೆ ಉಸಿರಾಡಿದ್ರೂ ಕೇಳೋ ನಿಮ್ಮ ಕಿವಿಗೆ ಇವತ್ತು ಹಾಡು ಕೇಳ್ಲಿಲ್ವಾ? ನಿಮ್ಮ ತಪ್ಪನ್ನ ನನ್ನ ಸಿ.ಡಿ. ಮೇಲೆ ಯಾಕೆ ಹಾಕ್ತೀರಿ?"

ಅವನು ಸಿ.ಡಿ.ಯನ್ನು ಜಗಲಿಯ ಕಟ್ಟೆಯ ಮೇಲಿಟ್ಟು ಹೊರಟುಹೋದ. ಇಬ್ಬರೂ ಹೇಳಿದ್ದು ಸತ್ಯವೇ ಆಗಿತ್ತು, ಆದರೆ ಇಬ್ಬರಿಗೂ ಅದು ಗೊತ್ತಿರಲಿಲ್ಲ.

ಗುರುವಾರ ಬಂತು, ಸೋಮನಾಥ ಬರಲಿಲ್ಲ. ಮತ್ತೊಂದು ಗುರುವಾರವೂ ಹಾಗೇ ಹೋಯಿತು. ಊರವರು ಅವನಿಗೆ 'ತಕಿಟ ಸೋಮಣ್ಣ' ಎಂದು ಹೆಸರಿಟ್ಟರು. ಮುಂದಿನ ಮದುವೆಗಳವರು ಒಬ್ಬೊಬ್ಬರಾಗಿ ಬೇಡವೆಂದರು.

"ಆ ಹುಡುಗ ಸೆಟ್ ಮಾರಿ, ಸೋಮವಾರ ತರೀಕೆರೆಗೆ ಹೋಗ್ತಾನಂತೆ. ಅವನ ಭಾವನ ತೆಂಗಿನಕಾಯಿ ಮಂಡಿಯಲ್ಲಿ ಕೆಲಸಕ್ಕೆ," ಎಂದು ಪರಮೇಶ್ವರಪ್ಪನವರು ಪೇಪರಿನ ಮರೆಯಿಂದ ಸುದ್ದಿ ಹೇಳಿದರು.

ಮೇಘನ ಗೋಡೆಯ ಕ್ಯಾಲೆಂಡರ್ ನೋಡಿದಳು. ಅಂದು ಶನಿವಾರ. 'ಹೋಗಲಿ! ನಂಗೇನು?' ಎಂದುಕೊಂಡಳು. ಎರಡು ನಿಮಿಷ ಬಿಟ್ಟು, 'ಹೋಗಿಬಿಟ್ರೆ?' ಎಂದುಕೊಂಡಳು. ಆ ಕಿವಿಯ ಪಕ್ಕ ಕೂತು ಕೇಳದ ಸಂಗೀತ ಇನ್ನು ತನಗೆ ಪೂರ್ತಿ ಕೇಳಿಸುವುದೇ ಇಲ್ಲವೆಂದು ಅವಳಿಗೆ ಖಂಡಿತವಾಗಿ ಗೊತ್ತಾಯಿತು. ಆದರೆ ಹೋಗಿ ಹೇಳುವುದೇನನ್ನು? ತಾನು ಕೇಳಿದ್ದು ಸುಳ್ಳೆಂದೇ?

ಆಗ ಅಂಗಡಿಗೆ ಬಂದವನು ಅಡುಗೆ ವೆಂಕಟರಮಣ, ರಶ್ಮಿಯ ಮದುವೆಗೆ ಅಡುಗೆ ಮಾಡಿದವನು.

"ಮೇಘನಮ್ಮ, ಅವತ್ತು ಮದುವೇಲಿ ಹಾಕಿದ್ರಲ್ಲ, ಮೃದಂಗ ಗಿದಂಗ ಇಲ್ದೆ ಬರೀ ಹಾಡು, ಆ ಸಿ.ಡಿ. ನನಗೊಂದು ಬೇಕು. ಅದನ್ನ ಕೇಳ್ತಾ ಮುನ್ನೂರು ಹೋಳಿಗೆ ತಟ್ಟಿದೆ. ಒಂದೂ ಹರೀಲಿಲ್ಲ!"

"ಕೇಳಿದ್ರಾ ಅಪ್ಪಾಜಿ? ಹಾಡಿತ್ತು!" ಮೇಘನ ಹಾರಿ ಬಿದ್ದಳು.

"ನಾನು ಹಾಲ್‌ನಲ್ಲಿ ಮೊದಲನೇ ಸಾಲಲ್ಲಿ ಕೂತಿದ್ದೆ. ಹಾಡಿರ್ಲಿಲ್ಲ," ಎಂದರು ಮೇಷ್ಟ್ರು ಖಡಾಖಂಡಿತವಾಗಿ.

ವೆಂಕಟರಮಣ ಇನ್ನೂ ಅಲ್ಲೇ ಇದ್ದಾಗ ಹಿರೇಕೊಡಿಗೆಯ ಗಿಡ್ಡಯ್ಯ ಕೊಡೆ ಮಡಚುತ್ತಾ ಬಂದ.

"ತಂಗಿ, ನನ್ನ ಮೊಮ್ಮಗಳು ಮೃದಂಗ ಕಲೀತಿದ್ದಾಳೆ. ಅವತ್ತು ಮದುವೆ ಹಾಲ್‌ನಲ್ಲಿ ಬರೀ ಮೃದಂಗ ಹಾಕಿದ್ರಲ್ಲ, ಎಲ್ರೂ ನಕ್ಕರು, ನನಗಂತೂ ಬಹಳ ಸೇರಿತು..."

ಮೇಘನಳಿಗೆ ತಲೆ ತಿರುಗಿತು. ಮದುವೆಗೆ ಕೊಟ್ಟಿದ್ದ ಅದೇ ಸಿ.ಡಿ. ಹಾಕಿ ಹೆಡ್‌ಫೋನ್ ಏರಿಸಿಕೊಂಡಳು. ಹಾಡು, ಪಿಟೀಲು, ಮೃದಂಗ, ಎಲ್ಲವೂ ಇದ್ದವು. ಗಿಡ್ಡಯ್ಯ ಮತ್ತೇನೋ ಕೇಳಿದ. ಅವನ ಮಾತು ಕೇಳಿಸಿಕೊಳ್ಳಲೆಂದು ಎಡಗಿವಿಯದನ್ನು ಪಕ್ಕಕ್ಕೆ ಸರಿಸಿದಳು.

ಹಾಡು ನಿಂತುಹೋಯಿತು. ಬಲಗಿವಿಯಲ್ಲಿ ಬರೀ ಮೃದಂಗ!

ಎಡಗಿವಿಗೆ ಇಟ್ಟುಕೊಂಡು ಬಲಗಿವಿಯದನ್ನು ತೆಗೆದಳು. ಬರೀ ಹಾಡು.

ಹೊಸ ಸ್ಟೀರಿಯೋ ಆಂಪ್ಲಿಫೈಯರ್... ಬಲಗಿವಿಯದ್ದು ಹಾಲ್‌ನ ಬಾಕ್ಸಿಗೆ, ಎಡಗಿವಿಯದ್ದು ಹಿಂದಿನ ಬಾಕ್ಸಿಗೆ! ಇಷ್ಟು ವರ್ಷ ಹಳೆಯ ಸೆಟ್ಟಿನಲ್ಲಿ ಎಲ್ಲ ಬಾಕ್ಸಿಗೂ ಒಂದೇ ಸದ್ದು ಕಳಿಸಿ ರೂಢಿಯಾಗಿದ್ದವನು ಒಂದೇ ಕಛೇರಿಯನ್ನು ಎರಡು ಪಾಲು ಮಾಡಿ, ಮೃದಂಗವನ್ನು ಬೀಗರಿಗೂ ಹಾಡನ್ನು ಹೋಳಿಗೆಗೂ ಬಡಿಸಿಬಿಟ್ಟಿದ್ದ!

ಮೇಘನ ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು, ಆಮೇಲೆ ಆ ನೀರು ನಿಲ್ಲಲೇ ಇಲ್ಲ.

"ಅಪ್ಪಾಜಿ, ಏಳಿ. ನರಸಿಂಹರಾಜಪುರಕ್ಕೆ ಹೋಗ್ಬೇಕು."

"ಈಗಲಾ? ನಾನ್ಯಾಕೆ?"

"ನೀವು ಹಾಲ್‌ನ ಸಾಕ್ಷಿ. ನಾನು ಅಡುಗೆಮನೆ ಸಾಕ್ಷಿ. ಏಳಿ!"

ನರಸಿಂಹರಾಜಪುರದಲ್ಲಿ ಸೋಮನಾಥನ ಕೋಣೆಯ ತುಂಬ ಹಾರನ್ನುಗಳು, ಸೀರಿಯಲ್ ಸೆಟ್ಟಿನ ಬಲ್ಬುಗಳು. ಹೊಸ ಆಂಪ್ಲಿಫೈಯರ್ ರಟ್ಟಿನ ಡಬ್ಬಿಯೊಳಗೆ ಸೇರಿತ್ತು. ಸೋಮನಾಥ ಅದಕ್ಕೆ ಹಗ್ಗ ಬಿಗಿಯುತ್ತಿದ್ದ. ಮೇಘನಳನ್ನು ಕಂಡು ಎದ್ದು ನಿಂತ, ಹಿಂದೆ ಬಂದ ಮೇಷ್ಟ್ರನ್ನು ಕಂಡು ಹಗ್ಗ ಕೈಬಿಟ್ಟ.

"ಬಿಚ್ಚಿ ಅದನ್ನ," ಎಂದಳು ಮೇಘನ.

ಅವಳ ದನಿಗೆ ಎದುರಾಡುವ ಧೈರ್ಯ ಅವನಿಗಾಗಲಿಲ್ಲ. ಆಂಪ್ಲಿಫೈಯರ್ ಹೊರಬಂತು. ಅವಳು ಎರಡು ಬಾಕ್ಸುಗಳನ್ನು ಅಕ್ಕಪಕ್ಕ ಇಡಿಸಿ, ಸಿ.ಡಿ. ಹಾಕಿಸಿದಳು. ಕಛೇರಿ ಪೂರ್ತಿಯಾಗಿ ಕೋಣೆ ತುಂಬಿತು. ಒಂದು ಬಾಕ್ಸಿನ ವೈರು ಕಿತ್ತಳು, ಬರೀ ಮೃದಂಗ. ಅದನ್ನು ಸಿಕ್ಕಿಸಿ ಇನ್ನೊಂದರದ್ದು ಕಿತ್ತಳು, ಬರೀ ಹಾಡು.

ಸೋಮನಾಥ ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ ನನ್ನ ತಲೆಗಿಷ್ಟು! ಎರಡೂ ಕಡೆಗೂ ಎರಡೂ ಹೋಗ್ತದೆ ಅಂತಲೇ... ನೀವು ಹೇಳಿದ್ದು ನಿಜ!"

"ನೀವು ಹೇಳಿದ್ದೂ ನಿಜ," ಎಂದಳು ಅವಳು, ಮೆತ್ತಗೆ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಇದನ್ನ ಫೋನಲ್ಲೇ ಹೇಳಬಹುದಿತ್ತಲ್ಲ ಮೇಘನ?"

ಮೇಷ್ಟ್ರು ಮಗಳ ಮುಖ ನೋಡಿದರು. ಆಮೇಲೆ ಹುಡುಗನ ಮುಖ. ಆಮೇಲೆ ಮತ್ತೆ ಮಗಳ ಮುಖ. ಮೂವತ್ತೈದು ವರ್ಷ ಬೀಜಗಣಿತ ಹೇಳಿಕೊಟ್ಟವರಿಗೆ ಕೊನೆಗೂ ಉತ್ತರ ಬಂತು.

"ಓ..." ಎಂದರು. "ನಾನು ಹೋಗಿ ಕಾಫಿ ಕುಡಿದು ಬರ್ತೀನಿ. ಅರ್ಧ ಗಂಟೆ ಆಗ್ಬಹುದು." ಮೆಟ್ಟಿಲಿಳಿದವರು ಮತ್ತೆ ತಿರುಗಿ, "ಮುಕ್ಕಾಲು ಗಂಟೆ," ಎಂದು ತಿದ್ದಿದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಹಾಡು ಮೆಲ್ಲಗೆ ನಡೆದೇ ಇತ್ತು.

"ಒಂದು ಕೇಳ್ಲಾ?" ಎಂದಳು ಮೇಘನ. "ಮಾವ ಹಾಲ್‌ಗೆ ಮಾತ್ರ ಹಾಕೋಕೆ ಹೇಳಿದ್ದು. ಹಿಂದುಗಡೆ ಅಡುಗೆಮನೆ ಹತ್ರ ಯಾಕೆ ಬಾಕ್ಸ್ ಇಟ್ರಿ? ಅದಿಲ್ದಿದ್ರೆ ಈ ಫಜೀತಿನೇ ಆಗ್ತಿರ್ಲಿಲ್ಲ."

ಸೋಮನಾಥ ನೆಲ ನೋಡಿದ. ಕಿವಿಯ ತುದಿ ಕೆಂಪಾಯಿತು.

"ಅಡುಗೆಮನೆಗಲ್ಲ... ಪಕ್ಕದ ರೂಮಲ್ಲಿ ನೀವಿರ್ತೀರಿ ಅಂತ ಗೊತ್ತಿತ್ತು. ನೀವೇ ಆರಿಸಿದ ಹಾಡು, ನಿಮಗೇ ಕೇಳದೆ ಹೋದ್ರೆ... ಅಂತ ಅರವತ್ತು ಮೀಟರ್ ವೈರ್ ಎಳೆದೆ."

ನಾಲ್ಕುನೂರು ಜನರ ಎದುರು ಇವನ ಮಾನ ಹೋದದ್ದು ತನಗೊಬ್ಬಳಿಗೆ ಹಾಡು ಕೇಳಿಸಲು ಹೋಗಿ! ಅವಳ ಎದೆಯಲ್ಲಿ ಪ್ರೀತಿ ಉಕ್ಕಿ ಬಂತು, ತಡೆಯುವುದಕ್ಕೆ ಅವಳು ಪ್ರಯತ್ನಿಸಲೂ ಇಲ್ಲ.

"ಕೇಳಿಸ್ತು," ಎಂದಳು. "ಪೂರ್ತಿ ಕೇಳಿಸ್ತು. ಸೋಮವಾರ ನೀವು ತರೀಕೆರೆಗೆ ಹೋಗೋದು ನಂಗಿಷ್ಟ ಇಲ್ಲ. ಗುರುವಾರ ನೀವಿಲ್ದೆ ನನ್ನ ಕೈಲಿ ಆಗ್ತಿಲ್ಲ. ಮಾವನಿಗೆ ನಾನೇ ಹೇಳ್ತೀನಿ, ಊರಿಗೆಲ್ಲ ಹೇಳ್ತೀನಿ. ನೀವು ಹೋಗ್ಬೇಡಿ."

ಅವನು ಕೈ ಚಾಚಿ, ಮೂಲೆಯ ಫೋನೆತ್ತಿ ನಂಬರು ಒತ್ತಿದ.

"ಭಾವ, ನಾನು ಸೋಮ. ಸೋಮವಾರ ನಾನು ಬರಲ್ಲ... ಇಲ್ಲ ಭಾವ, ಮೈ ಹುಷಾರಾಗಿದೆ. ಇಲ್ಲೇ ಒಂದು ಕೆಲಸ ಸಿಕ್ತು... ಏನು ಕೆಲಸ ಅಂದ್ರೆ... ಕೊಪ್ಪದಲ್ಲಿ, ಒಬ್ರ ಪಕ್ಕ ಕೂತು ಸಂಗೀತ ಕೇಳೋದು."

ಆ ಕಡೆಯಿಂದ ಭಾವ ಕಿರುಚಿದ್ದು ಮೇಘನಳಿಗೂ ಕೇಳಿಸಿತು. ಸೋಮನಾಥ ಫೋನನ್ನು ಅಂಗೈಯಿಂದ ಮುಚ್ಚಿಕೊಂಡ.

"ಅದೆಂಥ ಕೆಲಸ, ನಾಲ್ಕು ದಿನದ್ದೋ, ಕಾಯಂ ಕೆಲಸವೋ ಅಂತ ಕೇಳ್ತಿದ್ದಾರೆ... ಏನು ಹೇಳ್ಲಿ?"

ಮೇಘನ ಹತ್ತಿರ ಬಂದು, ಫೋನು ಮುಚ್ಚಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ಕಾಯಂ ಅಂತ ಹೇಳಿ."